ಎಕರೆಗೆ ನಲವತ್ತು ಗುಂಟೆ

ಇವತ್ತು ಮಾಡಿದ ಕೆಲಸಗಳು ಇಷ್ಟು. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟದ್ದು. ಹಾಲು ಉಕ್ಕುವ ಮೊದಲೇ ಇಳಿಸಿದ್ದು. ಮನೆಯವರ ಬಿಪಿ ಮಾತ್ರೆಗಳನ್ನು ವಾರದ ಡಬ್ಬಿಗೆ ತುಂಬಿದ್ದು. ನಲ್ಲಿ ಬರುವ ದಿನವಾದ್ದರಿಂದ ಎರಡು ಡ್ರಮ್ಮು, ಆರು ಕೊಡ ನೀರು ಹಿಡಿದದ್ದು. ಚಟ್ನಿಗೆಂದು ಒಡೆದ ತೆಂಗಿನಕಾಯಿ ಕೊಳೆತು ಬಂದದ್ದರಿಂದ ಹುರಿಗಡಲೆಯಲ್ಲೇ ಸುಧಾರಿಸಿದ್ದು. ಮದ್ದೂರಿನ ಬಸ್ಸು ಹತ್ತಿದ್ದು. ಅಲ್ಲೊಂದು ಶಾಲೆಯ ಆಫೀಸಿನ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮುಕ್ಕಾಲು ಗಂಟೆ ಕೂತದ್ದು. ಜಗಳ ಆಡಿದ್ದು. ವಾಪಸು ಬಂದು ಒಣಗಿದ ಬಟ್ಟೆ ಎತ್ತಿಟ್ಟದ್ದು.

ಇದರಲ್ಲಿ ಜಗಳ ಒಂದು ಬಿಟ್ಟರೆ ಮಿಕ್ಕಿದ್ದೆಲ್ಲ ಹೆಚ್ಚುಕಡಿಮೆ ದಿನವೂ ಇರುವುದೇ. ನಾನು ಜಗಳದ ಹೆಂಗಸಲ್ಲ. ಗುತ್ತಲಿನ ನಮ್ಮ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ತರಕಾರಿ ಗಾಡಿಯವನು ಹುಳುಕು ಬದನೆಕಾಯಿ ಕೊಟ್ಟರೆ ಹುಳುಕನ್ನು ಕೊಯ್ದು ಬಿಸಾಕಿ ಉಳಿದಿದ್ದರಲ್ಲಿ ಪಲ್ಯ ಮಾಡುತ್ತೇನೆಯೇ ಹೊರತು ಮರುದಿನ ಅವನನ್ನು ನಿಲ್ಲಿಸಿ ಕೇಳಿದವಳಲ್ಲ. ಮನೆಯವರು ಇದನ್ನು ತಾಳ್ಮೆ ಎನ್ನುತ್ತಾರೆ. ಅವರಿಗೆ ಅನುಕೂಲವಾದ ಹೆಸರು ಅದು. ಅಂಥವಳಿಗೆ ಸಿಟ್ಟು ಬಂದಿದೆ, ಬಂದದ್ದು ಇನ್ನೂ ಇಳಿದಿಲ್ಲ. ಕಾರಣ ಒಂದು ಗಣಿತದ ನೋಟ್‌ಬುಕ್ಕು.

ಹೋದ ಭಾನುವಾರ ನಿಡಘಟ್ಟದಿಂದ ನನ್ನ ತಂಗಿ ನಾಗರತ್ನ ಬಂದಿದ್ದಳು, ಜೊತೆಗೆ ಅವಳ ಮಗಳು ಸಿಂಧು. ಸಿಂಧು ಮದ್ದೂರಿನ ಶಾಲೆಯಲ್ಲಿ ಆರನೇ ಕ್ಲಾಸು ಓದುತ್ತಾಳೆ. ಬಂದರೆ ಚಪ್ಪಲಿ ಬಿಡುವ ಮೊದಲೇ ಮಾತು ಶುರುಮಾಡುವ ಹುಡುಗಿ ಅವತ್ತು ಸುಮ್ಮನೆ ಹೋಗಿ ಟಿವಿ ಸ್ಟ್ಯಾಂಡಿನ ಪಕ್ಕ ಗೋಡೆಗೆ ಒರಗಿ ಕೂತಳು. ಟಿವಿಯನ್ನೂ ಹಾಕಲಿಲ್ಲ. ನಾಗರತ್ನ ಬ್ಯಾಗಿನಿಂದ ಒಂದು ಹಾಳೆ ತೆಗೆದಳು.

"ಸೆಕ್ಷನ್ ಬದಲಾಯಿಸ್ತಾರಂತೆ ಕಣಕ್ಕ. ಲೆಕ್ಕದಲ್ಲಿ ದಡ್ಡಿ ಅಂತ ಸಿ ಸೆಕ್ಷನ್ನಿಗೆ ಆಕ್ತಾರಂತೆ. ನಮ್ಮ ಒಪ್ಗೆ ಐತೆ ಅಂತ ಸೈನ್ ಮಾಡಿ ಶನಿವಾರ ಕೊಡ್ಬೇಕು."

"ಸಿ ಸೆಕ್ಷನ್ನಲ್ಲಿ ಏನು ಏಳ್ಕೊಡ್ತಾರಂತೆ?"

ಉತ್ತರ ಗೋಡೆಯ ಕಡೆಯಿಂದ ಬಂತು. "ಏನೂ ಇಲ್ಲ ದೊಡ್ಡಮ್ಮ. ಬೋರ್ಡ್ ಮೇಲೆ ಉತ್ರ ಬರ್ದಿರ್ತಾರೆ. ನೋಡ್ಕಂಡು ಬರ್ಕಬೇಕು. ಅಲ್ಲಿಗೆ ಓದೋರು ಯಾರೂ ವಾಪಸ್ ಬಂದಿಲ್ಲ."

ಹನ್ನೊಂದು ವರ್ಷದ ಮಗು ಆಡುವ ಮಾತೇ ಅದು? ಜೈಲಿನ ಸುದ್ದಿ ಹೇಳಿದಂತೆ ಹೇಳಿದಳು.

"ಸೈನ್ ಮಾಡ್ಬುಡ್ಲಾ ಅಕ್ಕ?" ಎಂದಳು ತಂಗಿ. "ಸಾರೇ ಏಳವ್ರೆ ಅಂದ್ಮೇಲೆ ನಮ್ದೇನು. ಇವಳ ತಾತ ಬೇರೆ ಬೇಜಾರು ಮಾಡ್ಕಂಡವ್ರೆ. ಅವರು ಕೇಳುದ್ರೂ ಈಗ ಲೆಕ್ಕ ಏಳಾಕಿಲ್ಲ ಇವಳು."

ತಾತನೆಂದರೆ ನಾಗರತ್ನಳ ಮಾವ. ಎರಡು ವರ್ಷದ ಹಿಂದೆ ಅಣ್ಣತಮ್ಮಂದಿರು ಜಮೀನು ಪಾಲು ಮಾಡಿಕೊಂಡಾಗ ಅವರು ಈ ಮೊಮ್ಮಗಳನ್ನು ಜಗಲಿಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, ಪಹಣಿ ಹಾಳೆ ಓದಿಸಿ, ಯಾವ ಸರ್ವೆ ನಂಬರಿಗೆ ಯಾವುದು ಸೇರಿದರೆ ಎಷ್ಟಾಗುತ್ತದೆ ಎಂದು ಕೂಡಿಸುತ್ತಿದ್ದರು. ಅವರ ಕಣ್ಣಿಗೆ ಪೊರೆ ಬಂದಿತ್ತು. ಮಗು ಪಟಪಟನೆ ಹೇಳಿದರೆ "ನಮ್ಮ ಸ್ಯಾನುಬೋಗಮ್ಮ ಕಣ್ರಪ್ಪಾ ಇವ್ಳು" ಎಂದು ಪಾಲಿಗೆ ಬಂದವರಿಗೆಲ್ಲ ತೋರಿಸುತ್ತಿದ್ದರಂತೆ. ಈಗ ಅದೇ ತಾತ ಕೇಳಿದರೆ "ನಂಗೆ ಬರಲ್ಲ ತಾತ" ಎಂದು ಎದ್ದುಹೋಗುತ್ತಾಳಂತೆ.

ನೋಟ್‌ಬುಕ್ಕು ಕೊಡು ಎಂದೆ. ಕೊಡಲು ಇಷ್ಟವಿಲ್ಲದೆ ಕೊಟ್ಟಳು. ದಶಮಾಂಶದ ಕೂಡುವ ಲೆಕ್ಕಗಳು ಆರಿದ್ದವು. ನಾಲ್ಕಕ್ಕೆ ಕೆಂಪು ಗೀಟು, ಎರಡಕ್ಕೆ ಸರಿ ಗುರುತು. ಕೆಳಗೆ ಕೆಂಪಕ್ಷರದಲ್ಲಿ "ಗಮನವಿಲ್ಲ. ಊಹಿಸಿ ಬರೆಯುತ್ತಾಳೆ." ಮೊದಲ ಲೆಕ್ಕ 1.20ಕ್ಕೆ 1.20 ಕೂಡಿಸುವುದು. ಸಿಂಧು ಬರೆದ ಉತ್ತರ 3.00.

ಬೈಯುವುದರಲ್ಲಿ ನಾನೂ ಏನು ಕಮ್ಮಿಯಿಲ್ಲ. ಕೈಯಲ್ಲಿ ಹುರುಳಿಕಾಯಿ ಕತ್ತರಿಸುವ ಚಾಕು ಬೇರೆ ಇತ್ತು. "ಇಪ್ಪತ್ತೂ ಇಪ್ಪತ್ತೂ ಎಷ್ಟಮ್ಮಿ?" ಎಂದೆ.

"ನಲವತ್ತು."

"ಮತ್ತೆ ಸೊನ್ನೆ ಸೊನ್ನೆ ಯಾಕೆ ಬರ್ದೆ ಕತ್ತೆ?"

ಅವಳು ಕಣ್ಣು ಕೆಳಗೆ ಹಾಕಿ ಗೊಣಗಿದಳು. "ನಲವತ್ತಾದ್ರೆ ಒಂದಾಯ್ತಲ್ಲ ದೊಡ್ಡಮ್ಮ."

ಇನ್ನೊಂದು ಬೈಗುಳ ಬಾಯಿಗೆ ಬಂದಿತ್ತು. ಅಲ್ಲೇ ನಿಂತಿತು. ಸೈಟಿನ ಅಳತೆಯಲ್ಲಿ, ಅಡಿ ಲೆಕ್ಕದಲ್ಲಿ ಬದುಕುವವರಿಗೆ ಇದು ತಿಳಿಯಲಿಕ್ಕಿಲ್ಲ. ನಮ್ಮಲ್ಲಿ ನಲವತ್ತು ಗುಂಟೆಗೆ ಒಂದು ಎಕರೆ. ಒಂದು ಎಕರೆ ಇಪ್ಪತ್ತು ಗುಂಟೆಯನ್ನು ಪಹಣಿಯಲ್ಲಿ 1.20 ಎಂದೇ ಬರೆದಿರುತ್ತಾರೆ, ನಡುವೆ ಒಂದು ಚುಕ್ಕೆಯಿಟ್ಟು. ಅಂಥ ಎರಡು ತುಂಡು ಸೇರಿದರೆ ಮೂರು ಎಕರೆ. ಒಂದೂವರೆಗೆ ಒಂದೂವರೆ ಸೇರಿದರೆ ಮೂರಲ್ಲದೆ ಇನ್ನೇನು?

ಚಾಕು ಕೆಳಗಿಟ್ಟು ಒಂದೊಂದೇ ಲೆಕ್ಕ ನೋಡಿದೆ. 2.15ಕ್ಕೆ 1.30 ಸೇರಿಸಿ 4.05 ಎಂದು ಬರೆದಿದ್ದಳು. ಗುಂಟೆಯಲ್ಲಿ ನಲವತ್ತೈದು, ಅದರಲ್ಲಿ ನಲವತ್ತು ತೆಗೆದು ಒಂದು ಎಕರೆ ಮಾಡಿದರೆ ಮಿಕ್ಕಿದ್ದು ಐದು. ಸರಿ. 0.35ಕ್ಕೆ 0.10 ಸೇರಿಸಿ 1.05. ಸರಿ. 4.25ಕ್ಕೆ 2.30 ಸೇರಿಸಿ 7.15. ಬೆರಳು ಮಡಿಸಿ ನಾನು ಎರಡು ಸಲ ಎಣಿಸಬೇಕಾಯಿತು, ಅದೂ ಸರಿ. ಮೇಷ್ಟ್ರು ಸರಿ ಗುರುತು ಹಾಕಿದ್ದ ಎರಡೂ ನಲವತ್ತು ದಾಟದ ಲೆಕ್ಕಗಳು. ಎಂದರೆ ಈ ಮಗು ಆರೂ ಲೆಕ್ಕವನ್ನು ಒಂದೇ ದಾರಿಯಲ್ಲಿ, ಒಂದೂ ತಪ್ಪದೆ, ತಾತನ ಜಗಲಿಯಲ್ಲಿ ಕಲಿತಂತೆ ಮಾಡಿದ್ದಾಳೆ. ಮಾಡಿದ್ದು ಬೇರೆಯ ಲೆಕ್ಕ, ಅಷ್ಟೇ. ಊಹಿಸಿ ಬರೆಯುತ್ತಾಳಂತೆ! ಊಹಿಸುವವಳು ನಾಲ್ಕು ಸಲವೂ ನಲವತ್ತಕ್ಕೇ ಸರಿಯಾಗಿ ಊಹಿಸುತ್ತಾಳೆಯೇ? ನೀವೇ ಹೇಳಿ.

ಕೆಂಪು ಪೆನ್ನು ಹಿಡಿದವರಿಗೆ ಒಂದು ಪ್ರಶ್ನೆ ಕೇಳಲು ಎಷ್ಟು ಹೊತ್ತು ಬೇಕಾಗಿತ್ತು? "ಇದು ಎಂಗೆ ಬಂತು ಮಗಾ?" ಅಷ್ಟೇ. ಉಗುಳು ನುಂಗುವಷ್ಟು ಹೊತ್ತು.

ನನಗೆ ಎರಡನೇ ಕ್ಲಾಸಿನಲ್ಲಿ ಹಾಗೆ ಕೇಳಿದವರಿದ್ದರು. ಮಳವಳ್ಳಿ ತಾಲ್ಲೂಕಿನ ನಮ್ಮೂರ ಶಾಲೆಯ ಪುಟ್ಟಸ್ವಾಮಿ ಮೇಷ್ಟ್ರು. ಮೇಷ್ಟ್ರ ಅಂಗಿಯ ಜೇಬಿನಲ್ಲಿ ಯಾವಾಗಲೂ ನಶ್ಯದ ಡಬ್ಬಿ, ಸೀನು ಬಂದರೆ ಪಾಠ ನಿಲ್ಲುತ್ತಿತ್ತು, ನಾವು ಸೀನುಗಳನ್ನು ಎಣಿಸುತ್ತಿದ್ದೆವು. ಆರೇಳಕ್ಕೆ ಕಡಿಮೆ ಇರುತ್ತಿರಲಿಲ್ಲ. ಕಳೆಯುವ ಲೆಕ್ಕ ಶುರುವಾದ ಸೋಮವಾರ ಅವರು ಎಲ್ಲರಿಗೂ ಹತ್ತು ಗೆಣ್ಣಿನ ಕಬ್ಬಿನ ಜಲ್ಲೆ ತರಲು ಹೇಳಿದ್ದರು. ಕಬ್ಬಿಗೇನು ಬರವೇ ನಮ್ಮಲ್ಲಿ? ಬುಡದಿಂದ ತುದಿಯವರೆಗೆ ಪ್ರತಿ ಗೆಣ್ಣಿಗೂ ಸುಣ್ಣದಲ್ಲಿ ಒಂದು, ಎರಡು ಎಂದು ನಂಬರು ಬರೆಸಿದರು. ಏಳರಲ್ಲಿ ನಾಲ್ಕು ಕಳೆಯಬೇಕೆ? ಏಳರ ಮೇಲೆ ಬೆರಳಿಟ್ಟು ಬುಡದ ಕಡೆಗೆ ನಾಲ್ಕು ಹೆಜ್ಜೆ. ಹತ್ತು ದಾಟಿದರೆ ಪಕ್ಕದವರ ಜಲ್ಲೆಗೆ ನಮ್ಮ ಜಲ್ಲೆ ಜೋಡಿಸಿಕೊಳ್ಳಬೇಕು. ಸಂಜೆ ತುದಿಯ ಎರಡು ಗೆಣ್ಣು ಮುರಿದು ತಿನ್ನಬಹುದು. ಮಂಗಳವಾರ ಉಳಿದ ಎಂಟು ಗೆಣ್ಣಿನಲ್ಲೇ ಹತ್ತರ ಲೆಕ್ಕ ಮಾಡಬೇಕು, ಇಲ್ಲದ ಎರಡನ್ನು ಕಣ್ಣುಮುಚ್ಚಿ ನೆನೆಸಿಕೊಂಡು. ಬುಧವಾರ ಆರು. ಹೀಗೆ ಶನಿವಾರದ ಹೊತ್ತಿಗೆ ಕಬ್ಬು ಹೊಟ್ಟೆ ಸೇರಿ ಲೆಕ್ಕ ತಲೆಯಲ್ಲಿ ಉಳಿದಿರಬೇಕು ಎಂಬುದು ಅವರ ಉಪಾಯ. ಬುಡದ ಕಡೆಯೇ ಸಿಹಿ ಜಾಸ್ತಿ. ಆದ್ದರಿಂದ ಕಾಯುವುದಕ್ಕೂ ಒಂದು ಆಸೆ.

ನಾನು ಕಾಯಲಿಲ್ಲ. ಮೊದಲನೇ ದಿನವೇ ಶಾಲೆಯ ಹಿಂದೆ ಹೋಗಿ ಬುಡದ ಮೂರು ಗೆಣ್ಣು ಮುರಿದು ತಿಂದುಬಿಟ್ಟೆ. ಮರುದಿನ ಮೇಷ್ಟ್ರು "ಐದರಲ್ಲಿ ಮೂರು ಹೋದರೆ ಎಷ್ಟಮ್ಮ?" ಎಂದು ಕೇಳಿದರು. ಐದರಿಂದ ಹಿಂದೆ ಹೊರಟ ನನ್ನ ಬೆರಳು ನಾಲ್ಕು ದಾಟಿ ಗಾಳಿಗೆ ಬಿತ್ತು. "ಉತ್ರ ಒಟ್ಟೇಲಿ ಐತೆ ಸಾ" ಎಂದೆ. ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ, ಹೊಡೆಯಲೂ ಇಲ್ಲ. ಹತ್ತಿರ ಬಂದು ಜಲ್ಲೆ ಹಿಡಿದು ನೋಡಿ "ಓಹೋ, ನೀನು ಬುಡದಿಂದ ತಿಂದಿದ್ದೀಯ. ಹಾಗಾದರೆ ಹೊಟ್ಟೆಯಲ್ಲಿರುವುದನ್ನೇ ಎಣಿಸಿ ಹೇಳು" ಎಂದರು. ಹೊಟ್ಟೆಯ ಮೇಲೆ ಬೆರಳಿಟ್ಟು ಮೂರು, ಎರಡು ಎಂದು ಎಣಿಸಿ ಹೇಳಿದೆ. ಮಿಕ್ಕವರಿಗಿಂತ ನಾಲ್ಕು ದಿನ ಮೊದಲೇ ನಾನು ಕಬ್ಬಿಲ್ಲದೆ ಕಳೆಯಲು ಕಲಿತೆ. ಇದನ್ನು ನನ್ನ ಜಾಣತನವೆಂದು ಮನೆಯಲ್ಲಿ ಆಗಾಗ ಹೇಳಿಕೊಳ್ಳುತ್ತೇನೆ. ಮನೆಯವರು ಅದಕ್ಕೆ ಬೇರೆ ಹೆಸರು ಇಟ್ಟಿದ್ದಾರೆ.

ನಮ್ಮಣ್ಣ ಬಾವಿಯಲ್ಲಿ ಈಜು ಕಲಿತದ್ದೂ ಹಾಗೆಯೇ. ಮೊದಲು ಬೆನ್ನಿಗೆ ಎರಡು ಒಣಗಿದ ಸೋರೆ ಬುರುಡೆ, ಆಮೇಲೆ ಒಂದು, ಆಮೇಲೆ ಮೇಲೆ ನಿಂತವರ ಕೈಯಲ್ಲಿ ಹಗ್ಗ, ಕೊನೆಗೆ ಬರೀ ಅವರ ಬಾಯಿಮಾತು. ಬುರುಡೆ ಕಟ್ಟದೆ ಬಾವಿಗೆ ತಳ್ಳಿ, ಮುಳುಗಿದ ಮೇಲೆ "ಇದು ಕಲ್ಲು, ಕಲ್ಲುಗಳ ಸೆಕ್ಷನ್ನಿಗೆ ಹಾಕಿ" ಎಂದು ಅಪ್ಪನಿಂದ ಸಹಿ ತೆಗೆದುಕೊಂಡವರು ನಮ್ಮೂರಿನಲ್ಲಿ ಇರಲಿಲ್ಲ. ಓದು ಬರದ ಜನ ಅವರು. ಓದಿದವರಿಗೆ ಇದು ಹೊಳೆಯುವುದಿಲ್ಲವಲ್ಲ ಎಂದೇ ನನ್ನ ಹೊಟ್ಟೆಯುರಿ. ಸಿಂಧುವಿಗಾದರೋ ಬುರುಡೆ ಹೊಸದಾಗಿ ಹುಡುಕಬೇಕಾಗಿಯೂ ಇರಲಿಲ್ಲ. ತಾತ ಕಟ್ಟಿ ಕಳಿಸಿದ್ದರು. ಶಾಲೆಯವರು ಅದನ್ನೇ ಕಿತ್ತು ಬಿಸಾಕಿದರು.

ಮತ್ತೆ ಆ ಭಾನುವಾರದ ಮಾತಿಗೆ ಬರುತ್ತೇನೆ. ತಪ್ಪು ತಿಳಿಯಿತು, ತಿದ್ದುವುದು ಹೇಗೆಂದು ನನಗೆ ತಿಳಿಯಲಿಲ್ಲ. "ಇಸ್ಕೂಲ್ ಲೆಕ್ಕದಲ್ಲಿ ನಲವತ್ತಲ್ಲ, ನೂರಾದ್ರೆ ಒಂದು ಕಣಮ್ಮಿ" ಎಂದೆ. "ಎಕರೆಗೆ ನೂರು ಗುಂಟೆ ಎಲ್ಲಾರ ಇರ್ತದಾ ದೊಡ್ಡಮ್ಮ?" ಎಂದಳು. ಅದೂ ನಿಜವೇ. ಆಗ ಪೇಪರಿನ ಹಿಂದಿನಿಂದ ನಮ್ಮ ಮನೆಯವರ ದನಿ ಬಂತು. ಕೆಲಸದ ಮೇಲೆ ಎರಡು ವರ್ಷ ಕರಾವಳಿಯ ಕಡೆ ಇದ್ದು ಬಂದವರು ಅವರು.

"ಯಾಕಿಲ್ಲ? ಮಂಗಳೂರು ಸೀಮೆಲಿ ಗುಂಟೆನೇ ಇಲ್ಲ ಕಣವ್ವ. ಅಲ್ಲಿ ಸೆಂಟ್ಸ್ ಲೆಕ್ಕ. ನೂರು ಸೆಂಟ್ಸಿಗೆ ಒಂದು ಎಕರೆ."

ಮದುವೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಅವರು ಪೇಪರಿನ ಹಿಂದಿನಿಂದ ಆಡಿದ ಮಾತು ನನಗೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಸಿಂಧು ಗೋಡೆ ಬಿಟ್ಟು ಎದ್ದು ಬಂದಳು. "ಅಂಗಾರೆ ನಮ್ಮ ಕೆಳಗಲ ಒಲ ಅಲ್ಲಿಗೆ ಓದ್ರೆ ಎಷ್ಟಾಯ್ತದೆ ದೊಡ್ಡಪ್ಪ?" ಒಂದು ಎಕರೆ ಇಪ್ಪತ್ತು ಗುಂಟೆಯ ಹೊಲ ಅದು. ಅವರು ಬಾಯಿ ತೆಗೆಯುವಷ್ಟರಲ್ಲಿ ಕೈ ಅಡ್ಡ ಮಾಡಿ "ತಡೀರಿ, ನಾನೇ ಏಳ್ತೀನಿ. ಇಪ್ಪತ್ತು ಅಂದ್ರೆ ಅರ್ಧ. ನೂರರಲ್ಲಿ ಅರ್ಧ ಐವತ್ತು. ಒಂದು ಪಾಯಿಂಟ್ ಐವತ್ತು!" ಎಂದಳು. ಆ ಕೆಂಪು ಗೀಟಿನ ಹುಡುಗಿ.

ಆಮೇಲೆ ನನ್ನ ಕೆಲಸ ಸುಲಭವಾಯಿತು. ಒಂದೊಂದು ಲೆಕ್ಕಕ್ಕೂ ಮೊದಲು "ಯಾವ ಸೀಮೆದು?" ಎಂದು ಕೇಳುವುದು. "ಮಂಗಳೂರು ಸೀಮೆದು" ಎಂದು ಹೇಳಿ ಅವಳು ಕೂಡಿಸುವುದು. ಹತ್ತು ಲೆಕ್ಕ ಹಾಗೆ. ಆಮೇಲೆ ಬಾಯಿಬಿಟ್ಟು ಕೇಳುವುದನ್ನು ಬಿಟ್ಟು ಬರೀ ಹುಬ್ಬು ಹಾರಿಸಿದೆ. ಆಮೇಲೆ ಅಡುಗೆಮನೆಗೆ ಹೋಗಿ ಒಗ್ಗರಣೆ ಹಾಕುತ್ತಾ ನಿಂತೆ. ಮೂರು ಸಲ ಒಳಗಿನಿಂದ ಬಗ್ಗಿ ನೋಡಿದೆ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಪುಟ್ಟಸ್ವಾಮಿ ಮೇಷ್ಟ್ರಿಗೆ ನಮ್ಮನ್ನು ಕಬ್ಬಿನ ಜೊತೆ ಬಿಟ್ಟು ಸುಮ್ಮನೆ ಕೂರುವುದು ಎಷ್ಟು ಕಷ್ಟವಾಗಿರಬೇಕೆಂದು ಆಗ ತಿಳಿಯಿತು. ನಾಗರತ್ನಳಿಗೆ ಹೇಳಿದೆ. "ಸೈನ್ ಮಾಡ್ಬ್ಯಾಡ. ಶನಿವಾರ ನಾನೇ ಬತ್ತೀನಿ."

"ಅಯ್ಯೋ ಅಕ್ಕ, ಜಗಳ ಗಿಗಳ ಆಡ್ಬ್ಯಾಡ ಕಣೆ. ಮಗೀಗೆ ಆಮೇಲೆ ತೊಂದ್ರೆ."

"ನಾನ್ಯಾವತ್ತೆ ಜಗಳ ಆಡಿವ್ನಿ?"

ಇವತ್ತು ಶಾಲೆಯ ಆಫೀಸಿನ ಮುಂದೆ ನಾನೂ ನಾಗರತ್ನಳೂ ಕೂತ ಕುರ್ಚಿಗಳ ಎದುರು ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ "ಪ್ರತಿ ಮಗುವೂ ಕಲಿಯಬಲ್ಲದು" ಎಂದು ಬರೆಸಿದ್ದರು. ಬಣ್ಣ ಚೆನ್ನಾಗಿತ್ತು. ಮುಕ್ಕಾಲು ಗಂಟೆಯ ಮೇಲೆ ಗಣಿತದ ಸಾರ್ ಬಂದರು. ಮೂವತ್ತೈದು ದಾಟದ ವಯಸ್ಸು, ಅಂಗಿಯ ತೋಳಿಗೆಲ್ಲ ಚಾಕ್‌ಪೀಸಿನ ಪುಡಿ, ಒಂದು ಕೈಯಲ್ಲಿ ಮೊಬೈಲು. ಕೆಟ್ಟವರೇನಲ್ಲ. ನಮ್ಮನ್ನು ನೋಡಿ ಕೂತಿರಿ ಎಂದರು. ಅಷ್ಟರಲ್ಲಿ ಬಾಗಿಲಿನಿಂದ ಡ್ರಿಲ್ ಸಾರ್ ತಲೆ ಹಾಕಿ "ಎಷ್ಟ್ ಓವರ್ ಆಯ್ತು?" ಎಂದು ಕೇಳಿದರು. ಇವರು ಮೊಬೈಲು ನೋಡಿ "ಹದಿನೆಂಟು ಪಾಯಿಂಟ್ ಐದು" ಎಂದರು.

ನಾನು ಮನೆಯಿಂದ ಬೇರೆ ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದೆ. ಅದೆಲ್ಲ ಮರೆತು ಬಾಯಿಗೆ ಇದು ಬಂತು. "ಇನ್ನೊಂದು ಬಾಲ್ ಆಕುದ್ರೆ ಎಷ್ಟಾಯ್ತದೆ ಸಾ?"

"ಹತ್ತೊಂಬತ್ತು."

"ಹದಿನೆಂಟು ಪಾಯಿಂಟ್ ಆರು ಆಗಾಕಿಲ್ವಾ?"

ಅವರು ನಕ್ಕರು. "ಅಮ್ಮಾ, ಓವರಿಗೆ ಆರೇ ಬಾಲು."

"ಎಕರೆಗೆ ನಲವತ್ತೇ ಗುಂಟೆ ಸಾ," ಎಂದು ನೋಟ್‌ಬುಕ್ಕು ಬಿಡಿಸಿ ಅವರ ಮುಂದಿಟ್ಟೆ.

ನಗು ಹಾಗೇ ಉಳಿದಿತ್ತು, ಕಣ್ಣು ಮಾತ್ರ ಪುಟದ ಮೇಲೆ ಓಡಾಡಿತು. ಮೊದಲ ಲೆಕ್ಕ. ಎರಡನೆಯದು. ಬೆರಳಿನಲ್ಲಿ ಮೇಜಿನ ಮೇಲೆ ಏನೋ ಕೂಡಿಸಿದರು. ನಾಲ್ಕನೆಯದರ ಹೊತ್ತಿಗೆ ನಗು ಹೋಗಿತ್ತು. "ಆದ್ರೂ ಸಿಲಬಸ್ ಪ್ರಕಾರ ಇದು ತಪ್ಪೇ" ಎಂದರು, ಮೆಲ್ಲಗೆ.

"ತಪ್ಪೇ ಸಾ. ತಪ್ಪು ಅಂತ್ಲೇ ಆಕಿ. ಆದ್ರೆ ಊಹೆ ಅಂತ ಯಾಕೆ ಬರುದ್ರಿ? ನಿಮ್ಮ ಓವರ್ ಲೆಕ್ಕ ಊಹೆನಾ?" ನನ್ನ ದನಿ ಎದ್ದದ್ದು ನನಗೇ ಕೇಳಿತು. ನಾಗರತ್ನ ಸೆರಗು ಜಗ್ಗುತ್ತಿದ್ದಳು.

ಅವರು ಸಿಂಧುವನ್ನು ಕರೆಸಿದರು. ಗೋಡೆಯ ಸಣ್ಣ ಬೋರ್ಡಿನ ಮೇಲೆ 2.35, ಕೆಳಗೆ 1.45 ಬರೆದು ಚಾಕ್‌ಪೀಸು ಕೊಟ್ಟರು. ಮಗು ಚಾಕ್‌ಪೀಸು ಹಿಡಿದು ನಿಂತಿತು. ಬರೆಯಲಿಲ್ಲ. ತಿರುಗಿ ನನ್ನ ಮುಖ ನೋಡಿತು. ಯಾವ ಸೀಮೆದು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿ, ಹುಬ್ಬು ಕೂಡ ಅಲ್ಲಾಡಿಸದೆ, ಕಿಟಕಿಯಾಚೆಯ ನೀರಿನ ಟ್ಯಾಂಕು ನೋಡುತ್ತಾ ಕೂತೆ. ಇಷ್ಟು ವರ್ಷದಲ್ಲಿ ಅಷ್ಟು ಕಷ್ಟಪಟ್ಟು ಸುಮ್ಮನಿದ್ದ ನೆನಪಿಲ್ಲ. ಅವಳು ಬರೆಯದಿದ್ದರೆ ಇವತ್ತೇ ಆ ಹಾಳೆಗೆ ನಾಗರತ್ನಳ ಸಹಿ ಬೀಳುತ್ತಿತ್ತು.

ಸಿಂಧು ನನ್ನನ್ನು ಬಿಟ್ಟು ಅವರ ಕಡೆ ತಿರುಗಿದಳು. "ಸಾ, ಇದು ನಲವತ್ತಕ್ಕೆ ಒಂದಾ, ನೂರಕ್ಕೆ ಒಂದಾ?"

ಸಾರ್ ನೋಟ್‌ಬುಕ್ಕಿನ ಮೊದಲ ಕೆಂಪು ಗೀಟಿನ ಮೇಲೆ ಬೆರಳಿಟ್ಟರು. ಆಮೇಲೆ "ನೂರಕ್ಕೆ" ಎಂದರು.

3.80 ಎಂದು ಬರೆದಳು. ಚುಕ್ಕೆಯನ್ನು ಸ್ವಲ್ಪ ದೊಡ್ಡದಾಗಿಯೇ ಇಟ್ಟಳು. ಯಾರೂ ಕೇಳದೆ ಅದರ ಪಕ್ಕದಲ್ಲಿ 4.40 ಎಂದು ಬರೆದು, "ಇದು ತಪ್ಪು ಸಾ, ನಲವತ್ತು ಉಳಿಯಂಗಿಲ್ಲ" ಎಂದು ಬೆರಳಿನಿಂದ ಒರೆಸಿ, ಗುಂಟೆಯ ಉತ್ತರ ಐದು ಎಕರೆಯೆಂದು 5.00 ಮಾಡಿದಳು. ಸಾರ್ ನೋಟ್‌ಬುಕ್ಕಿನೊಳಗಿದ್ದ ಸಹಿಯಿಲ್ಲದ ಆ ಹಾಳೆಯನ್ನು ಮಡಿಸಿ ನಾಗರತ್ನಳ ಕೈಗೆ ಕೊಟ್ಟು "ಇದು ಬೇಡಮ್ಮ, ಎ ಸೆಕ್ಷನ್ನಲ್ಲೇ ಇರ್ಲಿ" ಎಂದರು. ನಾಗರತ್ನ ಅಲ್ಲೇ ಕಣ್ಣೊರೆಸಿಕೊಂಡಳು.

ಅಲ್ಲಿಗೆ ಏಳಬೇಕಿತ್ತು. ಎದ್ದಿದ್ದರೆ ನಾನು ಮೊದಲೇ ಹೇಳಿದ ಜಗಳವೇ ಆಗುತ್ತಿರಲಿಲ್ಲ. ಆದರೆ ಮೇಜಿನ ಮೇಲೆ ಕ್ಲಿಪ್ಪು ಹಾಕಿದ ಅಂಥವೇ ಹಾಳೆಗಳ ಒಂದು ಕಟ್ಟಿತ್ತು. ಮೇಲಿನದರಲ್ಲಿ ಹೆಬ್ಬೆಟ್ಟಿನ ಗುರುತು ಕಾಣುತ್ತಿತ್ತು.

"ಅವು?" ಎಂದೆ.

"ಅವ್ರೆಲ್ಲ ಒಪ್ಪಿ ಕೊಟ್ಟಾಗಿದೆ ಅಮ್ಮಾ."

"ಆ ಮಕ್ಕಳ ನೋಟ್‌ಬುಕ್ಕು ನೋಡುದ್ರಾ ಸಾ? ಈಗ ಇವಳ್ದು ನೋಡಿದಂಗೆ?"

"ಒಂದ್ ಕ್ಲಾಸಲ್ಲಿ ಅರವತ್ತು ಮಕ್ಕಳು. ನಾನೊಬ್ಬ. ದಿನಕ್ಕೆ ಏಳು ಪೀರಿಯಡ್ಡು. ನೀವೇ ಹೇಳಿ."

"ಗೀಟು ಎಳೆಯಾಕೆ ಟೈಮ್ ಸಿಕ್ತದಲ್ಲ ಸಾ?"

ಆಮೇಲೆ ಏನೇನು ಅಂದೆನೋ ಪೂರ್ತಿ ಜ್ಞಾಪಕವಿಲ್ಲ. ಬಾವಿ, ಬುರುಡೆ, ಹೆಬ್ಬೆಟ್ಟು ಎಂದೆಲ್ಲ ಕೂಗಿದೆನಂತೆ. ಡ್ರಿಲ್ ಸಾರ್ ಓಡಿ ಬಂದರು. ಬಿಡುವಿನ ಬೆಲ್ಲು ಹೊಡೆಯಿತು. ಗಣಿತದ ಸಾರ್ ಆ ಕಟ್ಟನ್ನು ತೆಗೆದು ತಮ್ಮ ಬ್ಯಾಗಿಗೆ ಹಾಕಿಕೊಂಡು "ನೋಡ್ತೀನಿ" ಎಂದು ಹೊರಟರು. ನೋಡುತ್ತಾರೋ ಇಲ್ಲವೋ. ಸರ್ಕಾರದ ಕಚೇರಿಗಳಲ್ಲಿ ನಾನು ಆ ಮಾತನ್ನು ಬಹಳ ಸಲ ಕೇಳಿಸಿಕೊಂಡು ಬಂದವಳು. ಸೋಮವಾರ ಫೋನು ಮಾಡಿ ಕೇಳುತ್ತೇನೆ. ಮಂಗಳವಾರವೂ ಮಾಡುತ್ತೇನೆ.

ನಾಳೆ ರಜೆಯಾದ್ದರಿಂದ ಸಿಂಧು ನನ್ನ ಜೊತೆಗೇ ಗುತ್ತಲಿಗೆ ಬಂದಳು. ದಾರಿಯಲ್ಲಿ ನನ್ನ ಮೊಬೈಲಿನಿಂದ ತಾತನಿಗೆ ತಾನೇ ಫೋನು ಹಚ್ಚಿದಳು. "ತಾತ, ನಮ್ಮ ಮೇಗಲ ಒಲ, ಕೆಳಗಲ ಒಲ ಎಲ್ಡೂ ಸೇರ್ಸಿ ಮಂಗಳೂರಿಗೆ ತಕಂಡೋದ್ರೆ ಎಷ್ಟಾಯ್ತದೆ ಗೊತ್ತಾ?" ಆ ಕಡೆಯಿಂದ ಅವರು "ಒಲ ಯಾಕವ್ವ ಅಲ್ಲಿಗೆ ಓಯ್ತದೆ, ಇಲ್ಲೇ ಇರ್ಲಿ ಬುಡು" ಎಂದದ್ದು ಬಸ್ಸಿನಲ್ಲಿ ಪಕ್ಕದವರಿಗೂ ಕೇಳಿಸಿತು.

ಸಂಜೆ ದಂಟಿನ ಸೊಪ್ಪು, ತೊಗರಿಬೇಳೆ ಹಾಕಿ ಬಸ್ಸಾರು ಮಾಡಿದೆ. ಬಿಸಿ ಮುದ್ದೆ, ಸೊಪ್ಪಿನ ಪಲ್ಯ, ಮನೆಯವರಿಗೆ ಉಪ್ಪು ಕಡಿಮೆ ಹಾಕಿ ಬೇರೆ. ಸಿಂಧು ಒಂದೂವರೆ ಮುದ್ದೆ ಉಂಡಳು. ಮೊದಲು ನಿದ್ದೆ ಹೋದವಳೂ ಅವಳೇ, ಎಂಟೂವರೆಗೆ, ಕೈ ತೊಳೆದ ಒದ್ದೆಯೂ ಆರಿರಲಿಲ್ಲ. ಆಮೇಲೆ ಮನೆಯವರು. ನಾನು ಪಾತ್ರೆ ಮಗುಚಿಟ್ಟು ಬಂದು ಪಕ್ಕದಲ್ಲಿ ಉರುಳಿಕೊಂಡೆ. ಕಣ್ಣು ಮುಚ್ಚಿದರೆ ಕ್ಲಿಪ್ಪು ಹಾಕಿದ ಆ ಕಟ್ಟು ಕಾಣುತ್ತದೆ. ಮೇಲಿನ ಹಾಳೆಗೆ ಹೆಬ್ಬೆಟ್ಟು ಒತ್ತಿದ ಆ ತಾಯಿ ಯಾರೋ, ಯಾವ ಊರಿನವಳೋ, ಈ ಹೊತ್ತಿಗೆ ತನ್ನ ಮಗು ದಡ್ಡ ಎಂದು ನಂಬಿಕೊಂಡು, ಅದರ ತಲೆ ಸವರುತ್ತಾ, ಅವಳೂ ಮಲಗಿರಬೇಕು.